ನಲವತ್ತೊಂಬತ್ತರಿಂದ ಅರವತ್ತನಾಲ್ಕು

ಯಾವ ಪುಸ್ತಕ ಕೈಗೆ ಬಂದರೂ ನಾನು ಮೊದಲು ಪುಟಗಳ ಸಂಖ್ಯೆ ನೋಡುತ್ತೇನೆ. ಒಂದು, ಎರಡು, ಮೂರು ಎಂದು ಕೊನೆಯವರೆಗೆ. ಓದುವುದು ಆಮೇಲೆ. ನನಗೆ ಬಾರದ ಭಾಷೆಯ ಪುಸ್ತಕವಾದರೂ ಅಷ್ಟೆ. ನನ್ನ ಹೆಂಡತಿ ಮುನಿಯಮ್ಮ ಇದನ್ನು ನೋಡಿ ನೋಡಿ ಬೇಸತ್ತು, "ಮದ್ವೆಗೆ ಮುಂಚೆ ನನ್ ಹಲ್ಲೂ ಹಿಂಗೇ ಎಣಿಸಿದ್ರಾ?" ಎಂದು ಕೇಳಿದ್ದುಂಟು.

ಈ ಅಭ್ಯಾಸ ಹತ್ತಿದ್ದು ಎಪ್ಪತ್ತೊಂದನೆಯ ಇಸವಿಯಲ್ಲಿ. ಆಗ ನಾನು ಅರಸೀಕೆರೆ ಜಂಕ್ಷನ್ನಿನಲ್ಲಿ ಹಸಿರು ಬಾವುಟ, ಕೆಂಪು ಬಾವುಟ ಹಿಡಿದು ಹಳಿಯ ಮೇಲೆ ಓಡಾಡುವ ಕೆಲಸದಲ್ಲಿದ್ದೆ. ಹಾರನಹಳ್ಳಿಯ ಶಾಲೆಯಲ್ಲಿ ಮೂರನೆಯ ಕ್ಲಾಸಿನವರೆಗೆ ಓದು. ಸಿಗ್ನಲ್ ಕ್ಯಾಬಿನ್ ಹತ್ತಬೇಕು, ಅಲ್ಲಿ ಸಾಲಾಗಿ ನಿಂತಿರುವ ಲಿವರುಗಳನ್ನು ಎಳೆದು ಗಾಡಿಗಳಿಗೆ ದಾರಿ ಬಿಡಬೇಕು ಎಂಬುದು ನನ್ನ ಆಸೆ. ಅದಕ್ಕೊಂದು ಪರೀಕ್ಷೆ ಇತ್ತು. ಪರೀಕ್ಷೆಗೆ ಕನ್ನಡದಲ್ಲಿ ಓದಿಕೊಳ್ಳಲು ಊರಿಗೆಲ್ಲ ಒಂದೇ ಪುಸ್ತಕ. ಬಿ.ಎಚ್. ರಸ್ತೆಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಗಂಗಾಧರಯ್ಯ ತಾನೇ ಬರೆದು, ಕಲ್ಲಚ್ಚಿನ ಹಾಗೆ ಮಸಿಮಸಿಯಾಗಿ ಪ್ರತಿ ತೆಗೆದು, ಟ್ಯೂಷನ್ನಿಗೆ ಬಂದವರಿಗೆ ಕೊಡುತ್ತಿದ್ದ ಪುಸ್ತಕ.

ಊರೆಲ್ಲ ಅವನನ್ನು ಗಂಗಾಧರಯ್ಯನವರು ಎನ್ನುತ್ತಿತ್ತು. ಎದುರಿಗೆ ನಾನೂ ಹಾಗೇ ಎನ್ನುತ್ತಿದ್ದೆ. ಮನಸ್ಸಿನೊಳಗೆ ಏಕವಚನ. ಇಲ್ಲೂ ಹಾಗೇ ಬರೆಯುತ್ತೇನೆ.

ನನಗೆ ಕೊಟ್ಟ ಪುಸ್ತಕದಲ್ಲಿ ನಲವತ್ತೆಂಟನೆಯ ಪುಟ ಆದಮೇಲೆ ಅರವತ್ತೈದು ಬರುತ್ತಿತ್ತು. ನಡುವಿನ ಹದಿನಾರು ಪುಟವನ್ನು ಬ್ಲೇಡಿನಿಂದ ಹೊಲಿಗೆಯ ಅಂಚಿಗೇ ಕತ್ತರಿಸಿ ತೆಗೆದಿದ್ದರು. ಯಾವ ಲಿವರ್ ಯಾವ ಲಿವರಿಗೆ ಬಿಗಿಯಾಗಿರುತ್ತದೆ, ಯಾವುದು ಬಿದ್ದಮೇಲೆ ಯಾವುದು ಏಳುತ್ತದೆ ಎನ್ನುವ ಪಾಠ ಇದ್ದದ್ದು ಅಲ್ಲೇ. ನಾನು ಹೋಗಿ ಕೇಳಿದೆ. "ನಾಳೆ ಬಾ" ಎಂದ. ಮಾರನೆಯ ದಿನ ಹೋದೆ. "ನಾಳೆ ಬಾ." ಹೀಗೆ ಹನ್ನೊಂದು ನಾಳೆ. ಹನ್ನೊಂದನೆಯ ಸಲ ಟೈಪು ಕಲಿಯಲು ಕೂತಿದ್ದ ಇಪ್ಪತ್ತು ಜನರ ಎದುರು ಕನ್ನಡಕ ತೆಗೆದು ಒರೆಸುತ್ತ, "ಲಿವರ್ ಎಳೆಯೋಕೆ ತೋಳು ಸಾಕು ಕಣೋ ಗಿಡ್ಡ. ತಲೆ ಕಟ್ಕೊಂಡು ನೀನೇನ್ ಮಾಡ್ತೀಯ?" ಎಂದ. ಮಿಷಿನ್ನುಗಳ ಟಕಟಕ ನಿಂತು ನಗು ಎದ್ದಿತು. ಅವರಲ್ಲಿ ನಾಲ್ವರು ನನ್ನ ಜೊತೆ ಅದೇ ಪರೀಕ್ಷೆಗೆ ಕೂತವರು. ಅವರ ಪುಸ್ತಕದಲ್ಲಿ ಹದಿನಾರೂ ಪುಟ ಇದ್ದವು.

ಅವರು ಪಾಸಾದರು. ನಾನು ಆಗಲಿಲ್ಲ.

ಮುಂದೆ ಆರು ವರ್ಷ ಕ್ಯಾಬಿನ್ನಿನ ಹಳೆಯ ಕೆಲಸಗಾರ ದ್ಯಾವಯ್ಯನ ಕೈಕೆಳಗೆ ನೆಲ ಗುಡಿಸಿ, ಲಿವರಿಗೆ ಎಣ್ಣೆ ಬಿಟ್ಟು, ಕಣ್ಣಲ್ಲೇ ಕಲಿತೆ. ದ್ಯಾವಯ್ಯನಿಗೆ ಅಕ್ಷರ ಬರುತ್ತಿರಲಿಲ್ಲ. ರಿಪೇರಿ ಮುಗಿಸಿ ಹೋದವರು "ಎಲ್ಲ ಸರಿಯಾಗಿದೆ" ಎಂದು ಬರೆದುಕೊಟ್ಟರೆ ಅವನು ನಂಬುತ್ತಿರಲಿಲ್ಲ. ಗಾಡಿ ಇಲ್ಲದ ಹೊತ್ತು ನೋಡಿ, ಎಳೆಯಬಾರದ ಲಿವರನ್ನೇ ಬೇಕೆಂದು ಮೈಯೆಲ್ಲ ಭಾರ ಹಾಕಿ ಎಳೆದು ನೋಡುತ್ತಿದ್ದ. "ಸರಿಯಾದ್ದು ಯಾವತ್ತೂ ಬತ್ತೈತೆ ಕಣ್ಲಾ. ಅದ್ರಿಂದ ಏನೂ ಗೊತ್ತಾಗಕಿಲ್ಲ. ತಪ್ಪನ್ನ ಎಳ್ದು ನೋಡು. ತಪ್ಪು ಬರ್ನಿಲ್ಲ ಅಂದ್ರೆ ಆಗ ನಂಬು." ಆ ಮಾತು ಕಟ್ಟಿಕೊಂಡೇ ನಾನು ಪರೀಕ್ಷೆ ಪಾಸು ಮಾಡಿ, ಹದಿನೈದು ವರ್ಷ ಅದೇ ಕ್ಯಾಬಿನ್ನಿನಲ್ಲಿ ದುಡಿದು ರಿಟೈರಾದೆ. ಒಂದು ಗಾಡಿಯನ್ನೂ ತಪ್ಪು ಹಳಿಗೆ ಬಿಟ್ಟವನಲ್ಲ.

ಆದರೆ ಹದಿನಾರು ಪುಟ ಹದಿನಾರು ಪುಟವೇ.

*

ಮಗ ಮಧುಕುಮಾರ್ ಹಗರೆಯಲ್ಲಿ ಮೇಷ್ಟ್ರು. ಅವನ ಮಗಳು ಯಶೋಧರಾ ಅರಸೀಕೆರೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತ ನಮ್ಮ ಮನೆಯಲ್ಲಿದ್ದಳು. ತೊಂಬತ್ತೊಂಬತ್ತರ ಆಗಸ್ಟಿನಲ್ಲಿ ಒಂದು ದಿನ, "ತಾತ, ಕಂಪ್ಯೂಟರ್ ಕ್ಲಾಸಿಗೆ ಸೇರಿದೆ" ಎಂದಳು.

"ಎಲ್ಲಿ?"

"ಬಿ.ಎಚ್. ರೋಡಲ್ಲಿ. ಮೊದಲು ಟೈಪಿಂಗ್ ಇತ್ತಲ್ಲ, ಗಂಗಾಧರಯ್ಯನವರದ್ದು. ಈಗ ಅವರ ಮಗ ಗುರುಮೂರ್ತಿ ಸರ್ ನೋಡ್ಕೋತಾರೆ."

ನಾನು ಎಲೆಯಡಿಕೆ ಮಡಚುತ್ತಿದ್ದೆ. ಮಡಚುವುದನ್ನು ನಿಲ್ಲಿಸಲಿಲ್ಲ. ಹೆಣ್ಣುಮಕ್ಕಳಿಗೆ ಬೆಳಗಿನ ಬ್ಯಾಚ್ ಇದ್ದದ್ದು ಅದೊಂದೇ ಕಡೆ. ಬೇಡ ಎನ್ನಲು ನನ್ನ ಬಳಿ ಕಾರಣ ಇತ್ತು, ಅವಳಿಗೆ ಕೊಡುವಂಥದ್ದಲ್ಲ.

ಎರಡು ತಿಂಗಳು ಕಳೆಯಿತು. ಹುಡುಗಿ ಬೆಳಗ್ಗೆ ಹೋಗಿ ಬಂದು ನೋಟ್ಸ್ ಮುಂದಿಟ್ಟುಕೊಂಡು ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದಳು. ಒಂದು ಸಾಯಂಕಾಲ ನೋಟ್ಸನ್ನು ಚಾಪೆಯ ಮೇಲೆ ಎಸೆದಳು.

"ಏನೇ ಅದು, ಸರಸ್ವತೀನ ಎಸಿತೀಯ?" ಎಂದು ಮುನಿಯಮ್ಮ ಗದರಿದಳು.

"ಇದರಲ್ಲಿ ಸರಸ್ವತಿ ಇಲ್ಲ ಕಣಜ್ಜಿ. ಇಪ್ಪತ್ತು ಪ್ರೋಗ್ರಾಂ ಕೊಟ್ಟಿದ್ದಾರೆ, ಬಾಯಿಪಾಠ ಮಾಡಿ ಹಾಗೇ ಟೈಪ್ ಮಾಡಬೇಕು. ಯಾಕೆ ಹೀಗೆ ಬರೆದ್ರು ಅಂತ ಕೇಳಿದ್ರೆ ಹೇಳಲ್ಲ. ಅಷ್ಟೇ ಅಲ್ಲ, ಪ್ರತಿ ಪ್ರೋಗ್ರಾಮಲ್ಲೂ ಒಂದು ಸಾಲು ಇರಲ್ಲ. ಮಿಷಿನ್ ನಿಂತುಹೋಗುತ್ತೆ. ಆ ಸಾಲು ಬೇಕು ಅಂದ್ರೆ ದೊಡ್ಡ ಸರ್, ಗಂಗಾಧರಯ್ಯನವರ ಹತ್ರ ಸ್ಪೆಷಲ್ ಕ್ಲಾಸಿಗೆ ಹೋಗಬೇಕು. ನಾನು ಕೇಳಿದ್ದಕ್ಕೆ ಏನಂದ್ರು ಗೊತ್ತಾ? 'ನಾಳೆ ಬಾಮ್ಮ' ಅಂದ್ರು."

ನನ್ನ ಕೈಯ ಎಲೆ ಹರಿಯಿತು.

ಇಪ್ಪತ್ತೆಂಟು ವರ್ಷದಲ್ಲಿ ಅವನ ಅಂಗಡಿಯ ಬೋರ್ಡು ಬದಲಾಗಿತ್ತು, ಮಿಷಿನ್ನು ಬದಲಾಗಿತ್ತು, ಕೂದಲು ಬೆಳ್ಳಗಾಗಿತ್ತು. ಬ್ಲೇಡು ಮಾತ್ರ ಅದೇ. ಅವತ್ತು ನಾನು ಮನಸ್ಸಿನಲ್ಲಿ ಒಂದು ಮಾತು ಇಟ್ಟುಕೊಂಡೆ: ನನ್ನನ್ನು ನೋಡಿ ನಗು ಎದ್ದ ಹಾಗೆ ಅವನನ್ನು ನೋಡಿಯೂ ನಾಲ್ಕು ಜನರ ನಡುವೆ ನಗು ಏಳಬೇಕು. ಅದನ್ನು ನೋಡದೆ ನಾನು ಕಣ್ಣು ಮುಚ್ಚುವವನಲ್ಲ. ಹೇಗೆ, ಯಾವಾಗ ಗೊತ್ತಿರಲಿಲ್ಲ. ಗಾಡಿ ತಡವಾದರೆ ಕ್ಯಾಬಿನ್ನಿನಲ್ಲಿ ಕಾಯುವುದು ನಮಗೆ ರೂಢಿ.

"ಸ್ಪೆಷಲ್ ಕ್ಲಾಸು ಬ್ಯಾಡ. ಸರಿಯಾದ ಪುಸ್ತಕ ಹುಡ್ಕಾನ, ನಡಿ" ಎಂದೆ.

*

ಹುಡುಕುವುದು ಅಷ್ಟು ಸುಲಭವಿರಲಿಲ್ಲ. ಸ್ಟೇಷನ್ನಿನ ಪುಸ್ತಕದ ಅಂಗಡಿಯಲ್ಲಿ ಒಂದು ಸಿಕ್ಕಿತು. ಇಪ್ಪತ್ತೊಂದು ದಿನದಲ್ಲಿ ಕಂಪ್ಯೂಟರ್ ಪಂಡಿತರಾಗಿ ಎಂದು ರಟ್ಟಿನ ಮೇಲಿತ್ತು. ಯಶೋಧರಾ ತಿರುವಿ ನೋಡಿ, "ಇಲ್ಲಿ ಒತ್ತು, ಅಲ್ಲಿ ಒತ್ತು ಅಂತ ಇದೆ ತಾತ. ನೋಟ್ಸೇ ದಪ್ಪ ಆಗಿದೆ ಅಷ್ಟೆ" ಎಂದು ಇಟ್ಟಳು. ಊರಿನ ಲೈಬ್ರರಿಯಲ್ಲಿ ಒಂದಿತ್ತು. ಅದರಲ್ಲಿ ಕಂಪ್ಯೂಟರು ಬೀರುವಿನಷ್ಟು ಎತ್ತರ, ಪಕ್ಕದಲ್ಲಿ ಕೋಟು ಹಾಕಿದವರು ನಿಂತ ಫೋಟೋ. ಬೇಲೂರಿಗೆ ಹೋದೆವು. ಬಸ್ ಸ್ಟ್ಯಾಂಡಿನ ಬಳಿ ದೇವಸ್ಥಾನದ ಫೋಟೋ ಕಾರ್ಡು, ಹಳೆಯ ಪುಸ್ತಕ ಮಾರುವ ಹುಚ್ಚಣ್ಣ, "ಕಂಪ್ಯೂಟ್ರುದಾ? ಐತೆ ಬನ್ನಿ ಯಜಮಾನ್ರೆ, ಫಾರಿನ್ನಿನೋರು ಬಿಟ್ಟೋದ್ರು, ಹೊಸಾದು" ಎಂದು ಮಣ್ಣು ಕೊಡವಿ ಕೊಟ್ಟ. ನಾನು ಪುಟಗಳನ್ನು ನೋಡಿದೆ, ಐನೂರ ಹನ್ನೆರಡೂ ಇದ್ದವು. ಯಶೋಧರಾ ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು.

"ತಾತ, ಇದು ಜರ್ಮನ್ ಭಾಷೆ."

"ಪುಟ ಎಲ್ಲಾ ಐತಲ್ಲವ್ವ" ಎಂದ ಹುಚ್ಚಣ್ಣ. ತಪ್ಪು ಹೇಳಲಿಲ್ಲ ಅವನು.

ವಾಪಸು ಬರುತ್ತ ಹಳೇಬೀಡಿನಲ್ಲಿ ಇಳಿದೆವು. ಮುನಿಯಮ್ಮನ ತಂಗಿಯ ಮಗಳು ಮೀನಾಕ್ಷಿ ಅಲ್ಲಿ ಹೈಸ್ಕೂಲಿಗೆ ಗಣಿತ ಹೇಳುತ್ತಾಳೆ, ರಜೆಯಲ್ಲಿ ಮೈಸೂರಿಗೆ ಹೋಗಿ ಕಂಪ್ಯೂಟರೂ ಕಲಿತು ಬಂದಿದ್ದವಳು. ನಮ್ಮ ಕಥೆ ಕೇಳಿ ಅವಳು ಒಳಗಿಂದ ಒಂದು ಪುಸ್ತಕ ತಂದಳು. ಅಚ್ಚಿನದಲ್ಲ, ಜೆರಾಕ್ಸ್ ಮಾಡಿಸಿ ರಟ್ಟು ಹಾಕಿಸಿದ್ದು. ನಾನು ಕೈಚಾಚಿದೆ. ನಾನೂರ ಹನ್ನೆರಡು ಪುಟ. ಒಂದು, ಎರಡು, ಮೂರು. ಅವರಿಬ್ಬರೂ ಟೀ ಕುಡಿದು ಮುಗಿಸುವವರೆಗೂ ನೋಡಿದೆ. ಎಲ್ಲವೂ ಇದ್ದವು.

"ದೊಡ್ಡಪ್ಪ ಪೊಲೀಸ್ ಆಗ್ಬೇಕಿತ್ತು" ಎಂದು ಮೀನಾಕ್ಷಿ ನಕ್ಕು, ಯಶೋಧರೆಯ ಕಡೆ ತಿರುಗಿದಳು. "ನೋಡೇ, ಯಾವ ಭಾಷೆ ಕಲಿಸುತ್ತೆ ಅಂತ ನೋಡಿ ಪುಸ್ತಕ ತಗೋಬೇಡ. ಭಾಷೆ ಇನ್ನೈದು ವರ್ಷಕ್ಕೆ ಬೇರೆ ಬರುತ್ತೆ. ನಡುವೆ ಎಲ್ಲಾದ್ರೂ ಒಂದು ಪುಟ ತೆಗೆ. ಅದು ನಿನಗೆ ಉತ್ತರ ಹೇಳ್ತಿದ್ರೆ ಮುಚ್ಚಿಡು. ನಿನ್ನನ್ನೇ ಪ್ರಶ್ನೆ ಕೇಳ್ತಿದ್ರೆ ತಗೋ. ಇದರಲ್ಲಿ ಮುನ್ನೂರು ಪ್ರಶ್ನೆ ಇವೆ, ಒಂದಕ್ಕೂ ಹಿಂದೆ ಉತ್ತರ ಇಲ್ಲ. ನಾನು ಎರಡು ವರ್ಷದಿಂದ ಬೈಕೊಂಡು ಬೈಕೊಂಡು ನೂರ ನಲವತ್ತು ಮಾಡಿದೀನಿ."

"ನಮ್ಮಲ್ಲಿ ಮಿಷಿನ್ ಇಲ್ವಲ್ಲ ಅತ್ತೆ?"

"ಕಾಗದದ ಮೇಲೆ ಓಡಿಸು. ಮಿಷಿನ್ ಏನ್ ಮಾಡುತ್ತೋ ಅದನ್ನ ಒಂದೊಂದೇ ಸಾಲು ನೀನೇ ಮಾಡ್ತಾ ಹೋಗು. ಎಲ್ಲಿ ಎಡವುತ್ತೆ ಅಂತ ನಿನಗೇ ಕಾಣುತ್ತೆ."

ಬಸ್ಸಿನಲ್ಲಿ ಯಶೋಧರಾ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದಳು.

*

ಆಮೇಲಿನ ದಿನಗಳಲ್ಲಿ ನಮ್ಮ ಜಗಲಿಯೇ ಅವಳ ಶಾಲೆ. ಪುಸ್ತಕ ಇಂಗ್ಲಿಷಿನದು, ಓದಿ ನನಗೆ ಕನ್ನಡದಲ್ಲಿ ಹೇಳುವಳು, ಹೇಳುತ್ತ ತಾನೂ ತಿಳಿದುಕೊಳ್ಳುವಳು. "ಇದು ಆಗಿದ್ದರೆ ಅದು ಮಾಡು, ಇಲ್ಲದಿದ್ದರೆ ಬಿಡು" ಎಂಬ ಪಾಠ ಬಂದಾಗ ನಾನು ಬಾಗಿಲ ಬಳಿ ಐದು ಕಡ್ಡಿ ನೆಟ್ಟೆ. ಮೂರನೆಯ ಕಡ್ಡಿ ಬಾಗದೆ ಐದನೆಯದು ಬಾಗಬಾರದು, ಐದು ಬಾಗಿದಮೇಲೆ ಮೂರು ನೆಟ್ಟಗಾಗಬಾರದು. ನಮ್ಮ ಕ್ಯಾಬಿನ್ನಿನ ಪಾಠವೇ. ಅವಳು ಕಡ್ಡಿಗಳನ್ನು ನೋಡಿ, ಪುಸ್ತಕ ನೋಡಿ, "ತಾತ, ಇಷ್ಟು ದಿನ ಎಲ್ಲಿಟ್ಟಿದ್ರಿ ಇದನ್ನ?" ಎಂದಳು.

"ನನ್ನನ್ನ ಯಾರು ಕೇಳಿದ್ರವ್ವ."

ಬರೆದದ್ದು ಸರಿಯೋ ತಪ್ಪೋ ಹೇಗೆ ತಿಳಿಯುವುದು ಎಂಬುದೇ ಅವಳ ದೊಡ್ಡ ಕಷ್ಟ. ಆಗ ನಾನು ದ್ಯಾವಯ್ಯನ ಮಾತು ಹೇಳಿದೆ. ತಪ್ಪನ್ನು ಎಳೆದು ನೋಡು.

ಅದನ್ನು ಅವಳು ಹಿಡಿದ ರೀತಿ ನೋಡಿದರೆ ದ್ಯಾವಯ್ಯ ಕ್ಯಾಬಿನ್ನಿನಿಂದ ಇಳಿದು ಬಂದು ತಲೆ ಸವರುತ್ತಿದ್ದ. ನೋಟ್ಸಿನ ಇಪ್ಪತ್ತೂ ಪ್ರೋಗ್ರಾಮಿಗೆ ಬೇಡದ್ದನ್ನೇ ತಿನ್ನಿಸತೊಡಗಿದಳು. ಒಂದೊಂದಕ್ಕೂ ಬಿಟ್ಟ ಸಾಲು ಯಾವುದು ಎಂದು ತಾನೇ ಕಂಡುಹಿಡಿದಳು. ಹದಿನೇಳನೆಯದಕ್ಕೆ ಬಂದಾಗ ಜನವರಿ ಮುಗಿಯುತ್ತಿತ್ತು. ಅದು ತಾರೀಕಿನ ಪ್ರೋಗ್ರಾಂ. ನೀವು ಹುಟ್ಟಿದ ತಾರೀಕು ಕೊಟ್ಟರೆ ಅವತ್ತು ಯಾವ ವಾರ ಎಂದು ಹೇಳುತ್ತದೆ. ಗಂಗಾಧರಯ್ಯನ ಕೇಂದ್ರಕ್ಕೆ ಅದೇ ಕಿರೀಟ. ನೋಡಲು ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದ.

ಯಶೋಧರಾ ಕಾಗದದ ಮೇಲೇ ಓಡಿಸುತ್ತ ಏಪ್ರಿಲ್ ಮೂವತ್ತೊಂದು ಕೊಟ್ಟಳು; ಇಲ್ಲ ಎಂದಿತು, ಸರಿ. ಫೆಬ್ರವರಿ ಮೂವತ್ತು, ಇಲ್ಲ ಎಂದಿತು, ಸರಿ. ಎರಡು ಸಾವಿರದ ಫೆಬ್ರವರಿ ಇಪ್ಪತ್ತೊಂಬತ್ತು ಕೊಟ್ಟಳು. ಇಲ್ಲ ಎಂದಿತು.

ಅವಳು ತಲೆ ಎತ್ತಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಎದ್ದು ಹೋಗಿ ಹಾಳೆ ತಿರುವಿದಳು. ಫೆಬ್ರವರಿ ಇಪ್ಪತ್ತೊಂಬತ್ತು, ಮಂಗಳವಾರ, ಕೆಳಗೆ ತಿಥಿ ನಕ್ಷತ್ರ ಸಮೇತ ಇತ್ತು.

"ತಾತ, ಇದು ಮಿಷಿನ್ ನಿಲ್ಲಿಸೋ ತಪ್ಪಲ್ಲ, ಓಡ್ತಾ ಓಡ್ತಾನೇ ಸುಳ್ಳು ಹೇಳುತ್ತೆ" ಎಂದು ನನ್ನ ಪಕ್ಕ ಕೂತು ಬಿಡಿಸಿ ಹೇಳಿದಳು. ನಾಲ್ಕರಿಂದ ಭಾಗವಾಗುವ ವರ್ಷದಲ್ಲಿ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ಆದರೆ ನೂರರಿಂದಲೂ ಭಾಗವಾದರೆ ಇಪ್ಪತ್ತೆಂಟೇ. ಮತ್ತೆ ನಾನೂರರಿಂದಲೂ ಭಾಗವಾದರೆ ಇಪ್ಪತ್ತೊಂಬತ್ತು. ಮೊದಲೆರಡು ಮಾತು ನೋಟ್ಸಿನಲ್ಲಿದ್ದವು. ಮೂರನೆಯದು ಇರಲಿಲ್ಲ.

ನನಗೆ ಎಲ್ಲ ಕಾಣಿಸಿತು. ಬೇರೆ ಸಾಲು ಬಿಟ್ಟಾಗ ಮಿಷಿನ್ ನಿಲ್ಲುತ್ತಿತ್ತು, ಮಕ್ಕಳು ಸ್ಪೆಷಲ್ ಕ್ಲಾಸಿಗೆ ಓಡುತ್ತಿದ್ದರು. ಈ ಸಾಲು ಬಿಟ್ಟರೂ ಅದು ಓಡಿತು. ಬದುಕಿರುವ ಯಾರ ಹುಟ್ಟಿದ ತಾರೀಕಿಗೂ ಅದರ ಅಗತ್ಯ ಬೀಳಲಿಲ್ಲ. ಯಾರೂ ಕೇಳಲಿಲ್ಲ, ಬಿಟ್ಟವನಿಗೇ ಮರೆತುಹೋಯಿತು. ಮಗನೂ ಅದೇ ನೋಟ್ಸಿನಲ್ಲಿ ಕಲಿತವನು.

ಮಾರನೆಯ ಬೆಳಗ್ಗೆ ಕ್ಲಾಸಿನಲ್ಲಿ ಅವಳ ಪಾಲಿಗೆ ಬಂದ ಅರ್ಧ ಗಂಟೆಯಲ್ಲಿ ಮಿಷಿನ್ನಿನ ಮೇಲೂ ನೋಡಿ ಬಂದಳು. ಅಲ್ಲೂ ಅದೇ ಸುಳ್ಳು. ಬಂದವಳ ಕೈಯಲ್ಲಿ ಒಂದು ಕರಪತ್ರ. ಕೇಂದ್ರದ ವಾರ್ಷಿಕ ಪ್ರದರ್ಶನ, ಸಮುದಾಯ ಭವನದಲ್ಲಿ. ಮುಖ್ಯ ಅತಿಥಿ ನಿವೃತ್ತ ಹೆಡ್ಮಾಸ್ಟರ್ ಪುಟ್ಟಯ್ಯನವರು. ಮೇಲೆ ದಪ್ಪ ಅಕ್ಷರದಲ್ಲಿ, ಎರಡು ಸಾವಿರದ ಗಂಡಾಂತರ ಗೆದ್ದ ಕಂಪ್ಯೂಟರ್ ಕೇಂದ್ರ. ಜನವರಿ ಒಂದರಂದು ಲೋಕದ ಕಂಪ್ಯೂಟರೆಲ್ಲ ಕೆಡುತ್ತವೆ ಎಂದು ಪತ್ರಿಕೆಗಳು ಹೆದರಿಸಿದ್ದವಲ್ಲ, ಏನೂ ಆಗದೆ ಹೋದದ್ದು ತನ್ನಿಂದಲೇ ಎಂಬಂತೆ ಅಚ್ಚು ಹಾಕಿಸಿದ್ದ.

ಕೆಳಗೆ ದಿನಾಂಕ. 29-2-2000.

ನಾನು ಕರಪತ್ರವನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡೆ. ಇಪ್ಪತ್ತೊಂಬತ್ತು ವರ್ಷ ತಡವಾದ ಗಾಡಿ ದೂರದಲ್ಲಿ ಕೂಗಿದಂತಾಯಿತು.

*

"ಗುರುಮೂರ್ತಿ ಸರ್‌ಗೆ ನಾಳೆ ಹೇಳ್ಬಿಡ್ತೀನಿ" ಎಂದಳು ಯಶೋಧರಾ.

"ಹೇಳ್ಬ್ಯಾಡ."

"ಯಾಕೆ?"

ಆಗ ಅವಳಿಗೆ ಹದಿನಾರು ಪುಟದ ಕಥೆ ಹೇಳಿದೆ. ಮುನಿಯಮ್ಮನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳು ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಳು.

"ಅದಕ್ಕಾ ನೀವು ಪುಟ ಎಣಿಸೋದು?" ಎಂದಳು. ಆಮೇಲೆ ಆ ವಿಷಯಕ್ಕೆ ಅವಳು ಯಾವತ್ತೂ ನನ್ನನ್ನು ಹಾಸ್ಯ ಮಾಡಲಿಲ್ಲ.

ಯಶೋಧರಾ, "ಗುರುಮೂರ್ತಿ ಸರ್ ಒಳ್ಳೆಯವರು ತಾತ. ಮಿಷಿನ್ ಖಾಲಿ ಇದ್ದಾಗ ನನ್ನನ್ನ ಕೂತ್ಕೋ ಅಂತಾರೆ. ಗೊತ್ತಿದ್ದೂ ಹೇಳದೆ ಇದ್ರೆ ನೀವೂ ಪುಟ ಕತ್ತರಿಸಿದ ಹಾಗೇ ಅಲ್ವಾ?" ಎಂದಳು.

"ಹೂಂ" ಎಂದೆ. "ಹಂಗೇಯ. ಬ್ಲೇಡು ಇಷ್ಟು ದಿನ ನನ್ತಾವೂ ಇತ್ತು. ಇದೊಂದ್ಸಲ ಕತ್ತರಿಸ್ತೀನಿ, ಬಿಡು."

ಅವಳು ನನ್ನ ಮುಖವನ್ನೇ ನೋಡಿದಳು. "ಒಂದೇ ಸಲ. ಯಾರಾದ್ರೂ ನನ್ನ ಕೇಳಿದ್ರೆ ಸುಳ್ಳು ಹೇಳಲ್ಲ."

"ಕೇಳಿದ್ರೆ ಹೇಳು. ಅವನು ಕೇಳೋನಲ್ಲ."

*

ಭವನದಲ್ಲಿ ಇನ್ನೂರು ಜನ. ವೇದಿಕೆಯ ಹಿಂದೆ ಬಟ್ಟೆಯ ಬ್ಯಾನರು, ಅದರಲ್ಲಿ ಕೇಂದ್ರದ ಹೆಸರು, ಎರಡು ಸಾವಿರದ ಗಂಡಾಂತರ, ಮೊಳದುದ್ದದ ಅಂಕಿಯಲ್ಲಿ ಅವತ್ತಿನ ದಿನಾಂಕ. ಮೇಜಿನ ಮೇಲೆ ಕಂಪ್ಯೂಟರ್, ಮುಂದೆ ಗುರುಮೂರ್ತಿ. ಪಕ್ಕದಲ್ಲಿ ಯಶೋಧರಾ ಸೇರಿ ಎಂಟು ವಿದ್ಯಾರ್ಥಿಗಳು. ಗಂಗಾಧರಯ್ಯ ಸಿಲ್ಕ್ ಜುಬ್ಬ ಹಾಕಿ ಮೈಕ್ ಹಿಡಿದಿದ್ದ. ನಾನು ನಾಲ್ಕನೆಯ ಸಾಲಿನ ಅಂಚಿನಲ್ಲಿ ಕೂತೆ, ಏಳಲು ಸುಲಭವಾಗಲಿ ಎಂದು.

ಒಬ್ಬೊಬ್ಬರೇ ತಾರೀಕು ಕೂಗಿದರು. ಗುರುಮೂರ್ತಿ ಒತ್ತುವನು, ವಾರ ಬರುವುದು, ಚಪ್ಪಾಳೆ. ಹೂ ಮಾರುವ ಸಣ್ಣತಾಯಮ್ಮ ಮಗಳ ತಾರೀಕು ಕೊಟ್ಟು, ಶುಕ್ರವಾರ ಎಂದು ಬಂದಾಗ, "ಅಯ್ಯೋ ದಿಟ ಕಣ್ರೀ! ಅವತ್ತು ನನ್ ಕೈಲಿ ಹೂವಿನ ಬುಟ್ಟಿ ಇತ್ತು!" ಎಂದು ಎದೆ ಮುಟ್ಟಿಕೊಂಡಳು.

ಗಂಗಾಧರಯ್ಯ ಉಬ್ಬಿದ. "ಯಾರು ಬೇಕಾದರೂ, ಯಾವ ತಾರೀಕು ಬೇಕಾದರೂ ಕೇಳಬಹುದು! ನಮ್ಮ ಕಂಪ್ಯೂಟರಿಗೆ ಗೊತ್ತಿಲ್ಲದ ದಿನವೇ ಇಲ್ಲ!"

ನಾನು ಎದ್ದೆ.

"ಇವತ್ತಿಂದು ಹಾಕಿ ಸ್ವಾಮಿ."

ಜನ ನಕ್ಕರು. ಅವನೂ ನಕ್ಕ. "ಇವತ್ತು ಮಂಗಳವಾರ ಅಂತ ಎಲ್ಲರಿಗೂ ಗೊತ್ತಲ್ಲ ಯಜಮಾನ್ರೆ."

"ನಮಗೆ ಗೊತ್ತು. ಮಿಷಿನ್‌ಗೆ ಗೊತ್ತಾ ನೋಡಾನ."

"ಹಾಕೋ, ಹಿರಿಯರ ಆಸೆ" ಎಂದು ಮಗನಿಗೆ ಹೇಳಿದ. ಗುರುಮೂರ್ತಿ ಒತ್ತಿದ. ಮಿಷಿನ್ ಕೀಚ್ ಎಂದಿತು. ಅವನು ಪರದೆ ನೋಡಿದ, ಮತ್ತೆ ಒತ್ತಿದ. ಮತ್ತೆ ಕೀಚ್.

"ಓದಪ್ಪ, ಎಲ್ಲರಿಗೂ ಕೇಳಲಿ" ಎಂದರು ಮುಂದಿನ ಸಾಲಿನಲ್ಲಿದ್ದ ಪುಟ್ಟಯ್ಯನವರು.

"ಇನ್‌ವ್ಯಾಲಿಡ್ ಡೇಟ್... ಅಂಥ ತಾರೀಕು ಇಲ್ಲ ಅಂತಿದೆ ಸರ್."

ಇನ್ನೂರು ಜನರ ಕಣ್ಣು ಪರದೆಯಿಂದ ಅದರ ಹಿಂದಿನ ಬ್ಯಾನರಿನ ಮೊಳದುದ್ದದ ಅಂಕಿಗೆ ಹೋಯಿತು. ಹಿಂದಿನಿಂದ ಯಾರೋ, "ಹಂಗಾರೆ ನಾವೆಲ್ಲಾ ಈಗ ಎಲ್ಲಿ ಕುಂತಿದೀವ್ಲಾ?" ಎಂದ. "ಇವತ್ತೇ ಇಲ್ಲ ಅಂದ್ಮೇಲೆ ಉಪ್ಪಿಟ್ಟೂ ಇಲ್ವೇನ್ರೀ?" ಎಂದು ಸಣ್ಣತಾಯಮ್ಮ. ಆಮೇಲೆ ಎದ್ದ ನಗು ಇದೆಯಲ್ಲ, ಅದು ಭವನದ ತಗಡಿಗೆ ಬಡಿದು ವಾಪಸು ಬಂತು.

ನಾನು ನಗಲಿಲ್ಲ. ಟಕಟಕ ನಿಂತು ಎದ್ದಿದ್ದ ಇನ್ನೊಂದು ನಗುವನ್ನು ಇದರ ಪಕ್ಕ ಇಟ್ಟು ಕೇಳುತ್ತಿದ್ದೆ. ಇದು ದೊಡ್ಡದಿತ್ತು.

"ತಪ್ಪು ಒತ್ತಿದೀಯ, ಕತ್ತೆ!" ಗಂಗಾಧರಯ್ಯ ಮೈಕ್ ಕೈಯಲ್ಲಿದ್ದದ್ದು ಮರೆತು ಕೂಗಿದ.

"ಇಲ್ಲಪ್ಪ, ನೀವು ಕೊಟ್ಟ ನೋಟ್ಸೇ ಇದು. ಒಂದಕ್ಷರ ಬದಲಾಯಿಸಿಲ್ಲ." ಅದೂ ಮೈಕಿನಲ್ಲಿ ಇಡೀ ಭವನಕ್ಕೆ ಕೇಳಿಸಿತು. ಹುಡುಗನ ಕಿವಿಗಳು ಕೆಂಪಾಗಿದ್ದವು. ಅವನ ಮುಖ ನೋಡಿ ನನಗೆ ಒಂದು ಕಡೆ ಚುಚ್ಚಿತು. ಚುಚ್ಚಲಿ ಎಂದು ಬಿಟ್ಟೆ.

ಪುಟ್ಟಯ್ಯನವರು ವೇದಿಕೆಗೆ ಬಂದು ವಿದ್ಯಾರ್ಥಿಗಳನ್ನು ನೋಡಿದರು. "ಯಾರಿಗಾದರೂ ಕಾರಣ ಗೊತ್ತಾ?"

ಯಶೋಧರಾ ಕೈ ಎತ್ತಿದಳು. "ಒಂದು ಸಾಲು ಬಿಟ್ಟುಹೋಗಿದೆ ಸರ್."

"ಸರಿ" ಎಂದರು ಪುಟ್ಟಯ್ಯನವರು. "ಗಂಗಾಧರಯ್ಯನೋರೆ, ಭಾನುವಾರ ಮತ್ತೆ ಇಟ್ಕೊಳ್ಳಿ. ಆವಾಗ ತಾರೀಕು ಕೇಳೋನು ನಾನು. ಹಿಂದಿಂದೂ ಕೇಳ್ತೀನಿ, ಮುಂದಿಂದೂ ಕೇಳ್ತೀನಿ. ಗೊತ್ತಿದ್ದೋರ ಹತ್ರ ತಿದ್ದಿಸಿಡಿ."

*

ಮನೆಗೆ ಬರುವ ದಾರಿಯಲ್ಲಿ ಯಶೋಧರಾ ನನ್ನ ಮುಂದೆ ಮುಂದೆ ನಡೆದಳು. ಬಾಗಿಲಲ್ಲಿ ತಿರುಗಿ, "ಶನಿವಾರ ಬೆಳಗ್ಗೆ ಕ್ಲಾಸಿನ ಬೋರ್ಡಿನ ಮೇಲೆ ಬಿಟ್ಟಿರೋ ಇಪ್ಪತ್ತೂ ಸಾಲು ಬರೀತೀನಿ, ಎಲ್ಲರಿಗೂ. ಅಲ್ಲೀವರೆಗೆ ಹೇಳೋದು ಬಿಡೋದು ನಿಮ್ಮದು ತಾತ. ಆಮೇಲಿಲ್ಲ" ಎಂದಳು. ನಾನು ತಲೆಯಾಡಿಸಿದೆ.

ಬುಧವಾರ ಬೆಳಗ್ಗೆ ಎಂಟು ಗಂಟೆಗೆ ನಮ್ಮ ಬೀದಿಗೆ ಗಂಗಾಧರಯ್ಯ ಬಂದ. ಅವನು ಆ ಬೀದಿಗೆ ಕಾಲಿಟ್ಟಿದ್ದನ್ನು ನಾನು ಕಂಡಿರಲಿಲ್ಲ. ಎರಡು ಮನೆಯಲ್ಲಿ ದಾರಿ ಕೇಳಿಕೊಂಡು ಬಂದಿದ್ದ. ಜಗಲಿಯ ಕೆಳಗೆ ನಿಂತು, "ಗಿಡ್ಡಪ್ಪನವರ ಮನೆ ಇದೇನಾ? ನಿಮ್ಮ ಮೊಮ್ಮಗಳ ಹತ್ರ ಆ ಸಾಲು ಇದೆಯಂತೆ" ಎಂದ.

"ಐತೆ. ಕೂತ್ಕೊಳ್ಳಿ."

ಮೆಟ್ಟಿಲ ಮೇಲೆ ಕೂತ. ಮುನಿಯಮ್ಮ ಕಾಫಿ ತಂದಿಟ್ಟಳು.

"ನಾನೂ ಒಂದು ಕೇಳ್ಬೇಕಿತ್ತು ಸ್ವಾಮಿ" ಎಂದೆ. "ನಲವತ್ತೊಂಬತ್ತರಿಂದ ಅರವತ್ತನಾಲ್ಕು. ಆ ಪುಟ ಎಲ್ಲಿಟ್ರಿ?"

"ಯಾವ ಪುಟ?"

"ಎಪ್ಪತ್ತೊಂದು. ರೈಲ್ವೆ ಪರೀಕ್ಷೆ. ಹನ್ನೊಂದು ಸಲ ಬಂದಿದ್ದೆ."

ಅವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. ಏನೂ ಇರಲಿಲ್ಲ. "ಆ ಕಾಲದಲ್ಲಿ ತುಂಬ ಜನ ಬರ್ತಿದ್ರು ಗಿಡ್ಡಪ್ಪನೋರೆ. ಯಾರಿಗೆ ಏನು ಕೊಟ್ಟೆ, ಯಾರಿಗೆ ಏನು ಬಿಟ್ಟೆ, ಹೇಗೆ ನೆನಪಿರುತ್ತೆ? ಎಲ್ಲ ಒಂದೇ ಸಲ ಕೊಟ್ಬಿಟ್ರೆ ಮಾರನೇ ದಿನ ನಮ್ಮ ಬಾಗಿಲಿಗೆ ಯಾರು ಬರ್ತಾರೆ, ಹೇಳಿ."

ಇಪ್ಪತ್ತೊಂಬತ್ತು ವರ್ಷ ನಾನು ಹೊತ್ತದ್ದನ್ನು ಅವನು ಇಳಿಸಿದ ಜಾಗವನ್ನೂ ಮರೆತಿದ್ದ. ಭವನದ ನಗು ಸಾಲದು ಅನ್ನಿಸಿದ್ದು ಆಗ.

ಒಳಗಿಂದ ಒಂದು ಹಾಳೆ, ಪೆನ್ಸಿಲ್, ಗೋಡೆಯ ಕ್ಯಾಲೆಂಡರ್ ತಂದು ಅವನ ಪಕ್ಕ ಇಟ್ಟೆ. "ಸಾಲು ನಾವು ಹೇಳಕಿಲ್ಲ. ನೀವೇ ಹುಡುಕಿ. ತಪ್ಪನ್ನ ಎಳ್ದು ನೋಡಿ, ಗೊತ್ತಾಯ್ತದೆ."

"ಏನು ಗಿಡ್ಡಪ್ಪನೋರೆ, ಇಷ್ಟು ವಯಸ್ಸಲ್ಲಿ ನನ್ನನ್ನ ಸ್ಲೇಟು ಹಿಡಿಸ್ತೀರಾ?"

"ತೋಳಿಂದ ಆಗೋ ಕೆಲಸ ಅಲ್ಲ ಸ್ವಾಮಿ ಇದು."

ಈ ಮಾತೂ ಅವನಿಗೆ ಏನನ್ನೂ ನೆನಪಿಸಲಿಲ್ಲ. ಆದರೆ ಕೂತ. ಬೇರೆ ದಾರಿ ಇರಲಿಲ್ಲ. ಬಿಸಿಲು ಮೊದಲನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಬಂತು. ವರ್ಷಗಳನ್ನು ಬರೆದ, ಭಾಗಿಸಿದ, ಹೊಡೆದುಹಾಕಿದ. ನೀರಿಗೆ ಹೋಗುವ ಹೆಂಗಸರು ಕೊಡ ಸೊಂಟದಲ್ಲಿಟ್ಟು ನಿಂತು ನೋಡಿ ಹೋದರು. "ಯಾರಕ್ಕ ಅದು?" ಎಂದು ಒಬ್ಬಳು ಕೇಳಿದರೆ ಮುನಿಯಮ್ಮ, "ಪಾಠಕ್ಕೆ ಬಂದವ್ರೆ" ಎಂದಳು. ಯಶೋಧರಾ ಎರಡು ಸಲ ಬಾಗಿಲಿಗೆ ಬಂದಳು. ಎರಡು ಸಲವೂ ನನ್ನ ಮುಖ ನೋಡಿ ಒಳಗೆ ಹೋದಳು.

ಹತ್ತು ಗಂಟೆಗೆ ಅವನು ಹಾಳೆ ಎತ್ತಿ ಹಿಡಿದ. ಮುಖದಲ್ಲಿ ಬೆವರು, ಸ್ವಲ್ಪ ನಗು. "ಸಿಕ್ತು! ಇಗೋ." ಯಶೋಧರಾ ಬಂದು ಓದಿದಳು.

"ಎರಡು ಸಾವಿರ ಆಗಿದ್ದರೆ ಇಪ್ಪತ್ತೊಂಬತ್ತು ದಿನ ಅಂತ ಬರೆದಿದೀರ ಸರ್. ಅದೊಂದೇ ವರ್ಷಕ್ಕೆ ಆಯ್ತು. ಎರಡು ಸಾವಿರದ ನಾನೂರಕ್ಕೆ?"

"ಅಲ್ಲೀವರೆಗೆ ಯಾರಮ್ಮ ಇರ್ತಾರೆ?"

"ಪುಟ್ಟಯ್ಯ ಸರ್ ಮುಂದಿಂದೂ ಕೇಳ್ತೀನಿ ಅಂದಿದಾರೆ."

ಅವನ ನಗು ಇಳಿಯಿತು. ನನ್ನ ಕಡೆ ತಿರುಗಿದ. ಕಾಫಿ ಆರಿ ಕೆನೆ ಕಟ್ಟಿತ್ತು. ಅದನ್ನೆತ್ತಿ ಒಂದೇ ಗುಟುಕಿಗೆ ಕುಡಿದು ಲೋಟ ಇಟ್ಟ. "ಹೇಳಿಬಿಡಿ ಗಿಡ್ಡಪ್ಪನೋರೆ. ಕೈಮುಗಿದು ಕೇಳ್ತೀನಿ."

ಕೈ ಮುಗಿದೂ ಮುಗಿದ. ಯಶೋಧರಾ ನನ್ನನ್ನೇ ನೋಡುತ್ತಿದ್ದಳು. ಬುಧವಾರ, ಗುರುವಾರ, ಶುಕ್ರವಾರ. ಶನಿವಾರ ಅವಳದು. ಹನ್ನೊಂದರಲ್ಲಿ ನನಗೆ ದಕ್ಕುವುದು ಮೂರೇ.

ನಾನು ಹಾಳೆಯನ್ನು ಮಡಚಿ, ಪೆನ್ಸಿಲ್ ಒಳಗಿಟ್ಟು, ಮರ್ಯಾದೆಯಿಂದ ಎರಡೂ ಕೈಯಲ್ಲಿ ಅವನಿಗೆ ಕೊಟ್ಟೆ.

"ನಾಳೆ ಬನ್ನಿ" ಎಂದೆ.